ಅಶ್ವಹೃದಯವೂ ಅಕ್ಷಹೃದಯವೂ

ನಳೋಪಾಖ್ಯಾನವನ್ನು ಓದಿದವರಿಗೆ ಬಾಹುಕನ ರಥದ ಪ್ರಸಂಗವು ನೆನಪಿರುವುದಷ್ಟೆ. ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಸೋತು, ಹೆಂಡತಿಯನ್ನು ಕಾಡಿನಲ್ಲಿ ತೊರೆದು, ಕಾರ್ಕೋಟಕನು ಕಚ್ಚಿದ್ದರಿಂದ ರೂಪವನ್ನೂ ಕಳೆದುಕೊಂಡ ನಳನು, ಅಯೋಧ್ಯೆಯ ಋತುಪರ್ಣರಾಜನಲ್ಲಿ ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದನು. ದಮಯಂತಿಗೆ ಮರುಸ್ವಯಂವರವೆಂಬ ವಾರ್ತೆಯು ಬಂದಾಗ, ಒಂದೇ ಹಗಲಿನಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ರಾಜನೂ ಸಾರಥಿಯೂ ಹೊರಟರು. ಕುದುರೆಗಳ ಮನಸ್ಸನ್ನರಿತು ಓಡಿಸುವ ಅಶ್ವಹೃದಯವೆಂಬ ವಿದ್ಯೆಯು ನಳನಲ್ಲಿತ್ತು. ದಾಳಗಳ ಮತ್ತು ಎಣಿಕೆಯ ಮರ್ಮವನ್ನು ತಿಳಿಯುವ ಅಕ್ಷಹೃದಯವೆಂಬ ವಿದ್ಯೆಯು ಋತುಪರ್ಣನಲ್ಲಿತ್ತು. ದಾರಿಯಲ್ಲಿ ಅವರು ಒಂದಕ್ಕೊಂದನ್ನು ವಿನಿಮಯ ಮಾಡಿಕೊಳ್ಳಲು ಒಪ್ಪಿದರೆಂದು ಮಹಾಭಾರತವು ಹೇಳುತ್ತದೆ.

ಕುದುರೆಯ ಪಂದ್ಯದ ಬಯಲೆಂಬುದು ಈ ಎರಡು ವಿದ್ಯೆಗಳೂ ಇಂದಿಗೂ ಒಂದೇ ರಥದಲ್ಲಿ ಕುಳಿತಿರುವ ಸ್ಥಳವಾಗಿದೆ. ಓಡುವ ಕುದುರೆಯನ್ನು ಬಲ್ಲವರು ಅಲ್ಲಿ ಕೆಲವರು; ಪಣದ ಲೆಕ್ಕವನ್ನು ಬಲ್ಲವರು ಇನ್ನು ಕೆಲವರು; ಎರಡನ್ನೂ ಬಲ್ಲೆವೆಂದು ನಂಬಿರುವವರು ಬಹುಮಂದಿ. ಈ ಮೂರನೆಯ ಗುಂಪಿನವರ ನಂಬಿಕೆಯು ಸುಳ್ಳಾದ ಕ್ಷಣದಲ್ಲಿ ಹುಟ್ಟತಕ್ಕದ್ದೇ ಸಂಶಯ. ಕುದುರೆಯು ಸೋಲಲಿಲ್ಲ, ಅದನ್ನು ಸೋಲಿಸಿದರು. ಫಲಿತಾಂಶವು ಬಯಲಿನಲ್ಲಿ ಹುಟ್ಟಲಿಲ್ಲ, ಹಿಂದಿನ ರಾತ್ರಿ ಲಾಯದಲ್ಲಿಯೇ ನಿಶ್ಚಯವಾಗಿತ್ತು ಎಂಬ ಮಾತು ಪಂದ್ಯವಿರುವ ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತದೆ. ಈ ಸಂಶಯದಲ್ಲಿ ನಿಜವೆಷ್ಟು, ಅದರಿಂದ ಯಾರಿಗೆ ಹಾನಿ, ಅದನ್ನು ಪರಿಹರಿಸುವ ಬಗೆ ಯಾವುದು ಎಂಬುದು ಜೂಜಾಡದ ಮನೆಗಳವರೂ ಆಲೋಚಿಸತಕ್ಕ ವಿಷಯ. ಏಕೆಂದರೆ ಬಯಲಿನಲ್ಲಿ ಸೋತ ಹಣವು ಯಾವಾಗಲೂ ಒಂದು ಮನೆಯಿಂದ ಹೋದದ್ದೇ ಆಗಿರುತ್ತದೆ.

ಮೈಸೂರಿನಲ್ಲಿ ಒಬ್ಬ ಗೃಹಸ್ಥರಿದ್ದರು. ಸರ್ಕಾರದ ಕಚೇರಿಯಲ್ಲಿ ಲೆಕ್ಕದ ಕೆಲಸ, ನಡತೆಯಲ್ಲಿ ಯಾವ ದೋಷವೂ ಇಲ್ಲ, ಸಂಧ್ಯಾವಂದನೆಯನ್ನು ತಪ್ಪಿಸಿದವರಲ್ಲ. ಚಾಮುಂಡಿಬೆಟ್ಟದ ತಪ್ಪಲಿನ ರೇಸಿನ ಬಯಲಿಗೆ ಹೋಗುವುದೊಂದೇ ಅವರ ದೌರ್ಬಲ್ಯ. ಕೋಟಿನ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವನ್ನಿಟ್ಟುಕೊಂಡು, ಯಾವ ಕುದುರೆಗೆ ಎಷ್ಟು ಕಟ್ಟಿದುದು, ಅದು ಎಷ್ಟನೆಯದಾಗಿ ಬಂದಿತು, ಏಕೆ ಹಾಗಾಯಿತು ಎಂಬುದನ್ನು ಮೂರು ಅಂಕಣಗಳಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಗೆದ್ದ ದಿನ ಮೂರನೆಯ ಅಂಕಣದಲ್ಲಿ ‘ಎಣಿಸಿದಂತೆಯೇ ಆಯಿತು’ ಎಂದಿರುತ್ತಿತ್ತು. ಸೋತ ದಿನ ‘ಜಾಕಿ ಹಿಡಿದುಬಿಟ್ಟ’ ಎಂದೋ ‘ಮೊದಲೇ ಗೊತ್ತುಮಾಡಿದ್ದರು’ ಎಂದೋ ಇರುತ್ತಿತ್ತು. ಆ ಪುಸ್ತಕದ ಪ್ರಕಾರ ಅವರ ಬುದ್ಧಿಯು ಒಮ್ಮೆಯೂ ತಪ್ಪಿದುದಿಲ್ಲ; ಲೋಕದ ಧರ್ಮವು ಮಾತ್ರ ವಾರವಾರವೂ ತಪ್ಪುತ್ತಿತ್ತು.

ಅವರ ಮನೆಯಲ್ಲಿ ವಿಧವೆಯಾದ ಅಕ್ಕನೊಬ್ಬರಿದ್ದರು. ಓದು ಬರಹ ಹೆಚ್ಚಾಗಿ ಇಲ್ಲದಿದ್ದರೂ ಮಾತಿನಲ್ಲಿ ತೂಕವಿದ್ದ ಹೆಂಗಸು. ಒಂದು ಸಂಜೆ ತಮ್ಮನು ಮುಖ ಸಣ್ಣದು ಮಾಡಿಕೊಂಡು ಬಂದು, ಕಾಲು ತೊಳೆಯುವ ಮೊದಲೇ ಜಾಕಿಯನ್ನೂ ಕುದುರೆಯ ಯಜಮಾನನನ್ನೂ ಕಳ್ಳರೆಂದು ಬಯ್ಯುವುದಕ್ಕೆ ಆರಂಭಿಸಿದಾಗ, ಆಕೆ ಕಾಫಿಯ ಲೋಟವನ್ನು ಮುಂದಿಟ್ಟು ಕೇಳಿದರು: “ಅಲ್ಲವೋ ಅಪ್ಪ, ಅಲ್ಲಿ ನಡೆಯುವುದೆಲ್ಲ ಮೋಸವೆಂದು ನೀನೇ ಹೇಳುತ್ತೀಯೆ. ತೂಕದಲ್ಲಿ ಮೋಸಮಾಡುವ ಅಂಗಡಿಗೆ ನಾವು ಎರಡನೆಯ ಸಲ ಹೋಗುವುದಿಲ್ಲ. ಮತ್ತೆ ನೀನು ಮುಂದಿನ ರೇಸಿಗೆ ಯಾಕೆ ಹೋಗುತ್ತೀ?”

ತಮ್ಮನು ಕೊಟ್ಟ ಉತ್ತರವು ನೆನಪಿಡತಕ್ಕದ್ದು. “ಅಕ್ಕಯ್ಯ, ನಿನಗೆ ತಿಳಿಯುವುದಿಲ್ಲ. ಮೋಸ ನಡೆಯುತ್ತದೆಯೆಂದರೆ ಅದನ್ನು ಮೊದಲೇ ಬಲ್ಲವರು ಯಾರೋ ಇರಲೇಬೇಕಲ್ಲ. ಅವರಲ್ಲಿ ಒಬ್ಬರ ಪರಿಚಯವಾದರೆ ಸಾಕು.”

ಸಂಶಯವು ಮನುಷ್ಯನನ್ನು ಜೂಜಿನಿಂದ ಹಿಂದೆಗೆಯುತ್ತದೆಯೆಂದು ಸಾಮಾನ್ಯವಾಗಿ ಎಣಿಸುವುದುಂಟು. ಈ ಉತ್ತರದಲ್ಲಿ ಕಾಣುವುದು ಅದಕ್ಕೆ ವಿಪರೀತವಾದದ್ದು. ಪಂದ್ಯವು ಶುದ್ಧವಾಗಿದ್ದರೆ ಫಲವು ಯಾರಿಗೂ ತಿಳಿಯದು; ಆಗ ಜೂಜುಗಾರನು ತನ್ನ ಅಜ್ಞಾನವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪಂದ್ಯವು ಅಶುದ್ಧವೆಂದಾದರೋ ಫಲವು ಎಲ್ಲಿಯೋ ಯಾರಿಗೋ ಮೊದಲೇ ತಿಳಿದಿದೆಯೆಂದಾಯಿತು. ಅದನ್ನು ಕೊಂಡುಕೊಳ್ಳಬಹುದು, ಕದ್ದು ಕೇಳಬಹುದು, ಸ್ನೇಹದಿಂದ ಪಡೆಯಬಹುದು. ಬಯಲಿನ ಹೊರಗೆ ಟಿಪ್ಸು ಮಾರುವವರ ಜೀವನವು ನಡೆಯುವುದು ಈ ಆಸೆಯ ಮೇಲೆ. ಆದುದರಿಂದ ಸಂಶಯವು ಅನೇಕರಲ್ಲಿ ವೈರಾಗ್ಯದ ಬೀಜವಲ್ಲ, ಲೋಭದ ಇನ್ನೊಂದು ರೂಪ.

ಪ್ರಾಚೀನರು ಈ ವಿಷಯವನ್ನು ಯೋಚಿಸದೆ ಬಿಟ್ಟಿರಲಿಲ್ಲ. ನಿರ್ಜೀವವಾದ ದಾಳ ಮೊದಲಾದವುಗಳಿಂದ ಆಡುವುದನ್ನು ದ್ಯೂತವೆಂದೂ, ಜೀವವುಳ್ಳ ಪ್ರಾಣಿಗಳನ್ನು ಮುಂದೊಡ್ಡಿ ಆಡುವುದನ್ನು ಸಮಾಹ್ವಯವೆಂದೂ ಮನುವು ವಿಂಗಡಿಸಿ, ಎರಡನ್ನೂ ರಾಜನು ತನ್ನ ರಾಜ್ಯದಿಂದ ನಿವಾರಿಸಬೇಕೆಂದು ವಿಧಿಸಿದನು. ಕೌಟಿಲ್ಯನ ಮಾರ್ಗವು ಬೇರೆ. ನಿಲ್ಲಿಸಲಾಗದುದನ್ನು ಬೆಳಕಿನಲ್ಲಿ ನಡೆಯಿಸಬೇಕೆಂಬುದು ಆತನ ಮತ. ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕು; ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು; ಅವನ್ನು ಬದಲಾಯಿಸಿದವನಿಗೆ 12 ಪಣ ದಂಡ; ಗೆದ್ದ ಹಣದಲ್ಲಿ ನೂರಕ್ಕೆ 5ರಂತೆ ಅಧ್ಯಕ್ಷನಿಗೆ ಸಲ್ಲಬೇಕು. ಇಂದಿನ ರೇಸಿನ ಸಂಸ್ಥೆಗಳ ನಿಯಮಾವಳಿಯನ್ನು ನೋಡಿದವರಿಗೆ ಕೌಟಿಲ್ಯನ ಈ ಅಧ್ಯಾಯವು ಅಪರಿಚಿತವೆನಿಸದು. ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಮದರಾಸಿನ ರೇಸಿನ ಸಂಸ್ಥೆಗೆ ಸಂಬಂಧಿಸಿದ ವ್ಯಾಜ್ಯದಲ್ಲಿ, ಕುದುರೆಯ ಪಂದ್ಯವು ಪ್ರಧಾನವಾಗಿ ಕೌಶಲದ ಆಟವೇ ಹೊರತು ಕೇವಲ ಅದೃಷ್ಟದ ಆಟವಲ್ಲವೆಂದು ತೀರ್ಪು ಕೊಟ್ಟಿತು. ಕೌಶಲವೆಂದು ಒಪ್ಪಿದ ಮೇಲೆ, ಆ ಕೌಶಲವು ಪ್ರಾಮಾಣಿಕವಾಗಿ ಪ್ರಯೋಗವಾಗುತ್ತಿದೆಯೆ ಎಂಬ ಪ್ರಶ್ನೆಯ ಭಾರವು ಇನ್ನೂ ಹೆಚ್ಚಾಯಿತೆನ್ನಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಜಪೇಯಯಾಗದಲ್ಲಿ 17 ರಥಗಳ ಓಟವೊಂದು ವಿಹಿತವಾಗಿದೆ. ಅದರಲ್ಲಿ ಯಜಮಾನನ ರಥವೇ ಗೆಲ್ಲತಕ್ಕದ್ದು. ಫಲವು ಮೊದಲೇ ನಿಶ್ಚಿತವಾದ ಪಂದ್ಯವೆಂದರೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದರೂ ಅದರಲ್ಲಿ ಮೋಸವಿಲ್ಲ. ಏಕೆಂದರೆ ಋತ್ವಿಜರಿಗೂ ಸಾರಥಿಗಳಿಗೂ ನೋಡುವವರಿಗೂ ಅದು ತಿಳಿದದ್ದೇ. ಫಲವನ್ನು ಮೊದಲೇ ನಿಶ್ಚಯಿಸುವುದರಲ್ಲಿ ಪಾಪವಿಲ್ಲ. ನಿಶ್ಚಯಿಸಿದುದನ್ನು ಮುಚ್ಚಿಟ್ಟು, ನಿಶ್ಚಯಿಸಿಲ್ಲವೆಂದು ನಂಬಿದವನ ಹಣವನ್ನು ತೆಗೆದುಕೊಳ್ಳುವುದರಲ್ಲಿ ಪಾಪವಿದೆ.

ಈಗ ಬಳಕೆಯಲ್ಲಿರುವ ಕುದುರೆಯ ಪಂದ್ಯವು ತನ್ನ ರೂಪವನ್ನು ಪಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಂದಲೇ ಅದು ಆಂಗ್ಲೇಯರೊಡನೆ ಮೈಸೂರು, ಬೆಂಗಳೂರುಗಳಿಗೂ ಬಂದಿತು. ಪಂದ್ಯದೊಡನೆ ಸಂಶಯವೂ ಅಲ್ಲಿಯೇ ಬೆಳೆದುದರಿಂದ ಆ ದೇಶದ ಕೆಲವು ವೃತ್ತಾಂತಗಳನ್ನು ಇಲ್ಲಿ ವಿವರಿಸುವುದು ಉಚಿತವಾಗಿದೆ.

1791ರ ಅಕ್ಟೋಬರಿನಲ್ಲಿ ನ್ಯೂಮಾರ್ಕೆಟ್ ಎಂಬ ಊರಿನಲ್ಲಿ ನಡೆದ ಸಂಗತಿಯಿದು. ಮುಂದೆ ನಾಲ್ಕನೆಯ ಜಾರ್ಜನೆಂದು ದೊರೆಯಾದ ಯುವರಾಜನಲ್ಲಿ ಎಸ್ಕೇಪ್ ಎಂಬ ಕುದುರೆಯಿತ್ತು. ಅದರ ಸವಾರನು ಸ್ಯಾಮ್ಯುಯಲ್ ಚಿಫ್ನಿ. ಆ ಕಾಲದಲ್ಲಿ ಅವನನ್ನು ಮೀರಿಸಿದ ಜಾಕಿಯಿರಲಿಲ್ಲವೆಂದು ಪ್ರಸಿದ್ಧಿ. ಆ ತಿಂಗಳ 20ರಂದು ಎರಡು ಮೈಲಿಯ ಪಂದ್ಯದಲ್ಲಿ ಎಸ್ಕೇಪ್ ಗೆಲ್ಲುವುದೆಂದೇ ಎಲ್ಲರೂ ಹಣ ಕಟ್ಟಿದರು; ನಾಲ್ಕು ಕುದುರೆಗಳಲ್ಲಿ ಅದು ಕಡೆಯದಾಗಿ ಬಂದಿತು. ಮರುದಿನ ನಾಲ್ಕು ಮೈಲಿಯ ಪಂದ್ಯದಲ್ಲಿ ಅದೇ ಕುದುರೆ ಓಡಿತು. ಹಿಂದಿನ ದಿನದ ಸೋಲಿನಿಂದ ಪಣದ ದರವು ಏರಿತ್ತು. ಆ ದಿನ ಎಸ್ಕೇಪ್ ಗೆದ್ದಿತು.

ಬಯಲಿನಲ್ಲಿ ಗದ್ದಲವೆದ್ದಿತು. ಮೊದಲನೆಯ ದಿನ ಬೇಕೆಂದೇ ಕುದುರೆಯನ್ನು ಹಿಡಿದು ದರವನ್ನು ಏರಿಸಿ, ಎರಡನೆಯ ದಿನ ಲಾಭವನ್ನು ಪಡೆದರೆಂದು ಜನರು ಕೂಗಿದರು. ಚಿಫ್ನಿಯ ಸಮಾಧಾನವು ಬೇರೆಯಾಗಿತ್ತು. ಕುದುರೆಗೆ ಸಾಕಷ್ಟು ವ್ಯಾಯಾಮವಿಲ್ಲದೆ ಮೈ ಭಾರವಾಗಿತ್ತು. ಮೊದಲ ದಿನದ ಓಟವೇ ಅದರ ಉಸಿರನ್ನು ತಿಳಿಮಾಡಿತು. ಎರಡನೆಯ ದಿನ ತಾನು ಕಟ್ಟಿದ್ದು 20 ಗಿನಿ ಮಾತ್ರ ಎಂದು ಅವನು ಹೇಳಿದನು. ಕುದುರೆಗಳನ್ನು ಸಾಕಿದವರಿಗೆ ಈ ವಿವರಣೆಯು ಅಸಂಭವವೆಂದು ತೋರದು. ಆದರೆ ಪಂದ್ಯದ ಆಡಳಿತವನ್ನು ವಹಿಸಿದ್ದ ಜಾಕಿ ಕ್ಲಬ್ಬಿನ ಸರ್ ಚಾರ್ಲ್ಸ್ ಬನ್‌ಬರಿಯು—1780ರ ಮೊದಲನೆಯ ಡರ್ಬಿಯನ್ನು ಗೆದ್ದ ಡಯೋಮೆಡ್ ಕುದುರೆಯ ಒಡೆಯ ಈತನೇ—ಚಿಫ್ನಿಯು ಸವಾರನಾಗಿರುವವರೆಗೆ ಯುವರಾಜನ ಕುದುರೆಗಳೊಡನೆ ಯಾವ ಸಭ್ಯನೂ ತನ್ನ ಕುದುರೆಯನ್ನು ಓಡಿಸನೆಂದು ತಿಳಿಸಿಬಿಟ್ಟನು. ಯುವರಾಜನು ಸವಾರನನ್ನು ಬಿಡಲೊಪ್ಪದೆ ನ್ಯೂಮಾರ್ಕೆಟ್ಟನ್ನೇ ಬಿಟ್ಟನು. ಚಿಫ್ನಿಗೆ ವರ್ಷಕ್ಕೆ 200 ಗಿನಿಯ ವರ್ಷಾಶನವನ್ನು ಕೊಟ್ಟನು. ಚಿಫ್ನಿಯು 1804ರಲ್ಲಿ ತನ್ನ ಪಕ್ಷವನ್ನು ಸಮರ್ಥಿಸಿ ಒಂದು ಪುಸ್ತಕವನ್ನು ಬರೆದನು. ಸಾಲಕ್ಕೆ ಸಿಕ್ಕಿ, ವರ್ಷಾಶನವನ್ನು ಮಾರಿಕೊಂಡು, 1807ರಲ್ಲಿ ಸಾಲಗಾರರ ಸೆರೆಮನೆಯಲ್ಲಿ ಸತ್ತನು. ಎರಡು ಶತಮಾನಗಳು ಕಳೆದರೂ, ಆ ಮೊದಲ ದಿನ ಅವನ ಕೈ ಕಡಿವಾಣವನ್ನು ಎಳೆದಿತ್ತೆ ಇಲ್ಲವೆ ಎಂಬುದು ನಿರ್ಣಯವಾಗಿಲ್ಲ.

ಇದರಲ್ಲಿರುವ ವಿಪರ್ಯಾಸವು ಗಮನಾರ್ಹವಾದುದು. ವಾಘೆಯನ್ನು ಸಡಿಲವಾಗಿ ಹಿಡಿದು, ಕುದುರೆಯನ್ನು ಬಹುದೂರ ಹಿಂದೆಯೇ ಉಳಿಸಿಕೊಂಡು, ಕೊನೆಯಲ್ಲಿ ಒಮ್ಮೆಗೇ ಮುಂದೆ ನುಗ್ಗಿಸುವುದು ಚಿಫ್ನಿಯ ಪ್ರಸಿದ್ಧವಾದ ಕ್ರಮ. ಇಂಗ್ಲೆಂಡಿನಲ್ಲಿ ಅಂಥ ನುಗ್ಗುವಿಕೆಗೆ ಅವನ ಹೆಸರೇ ನಿಂತಿತು. ಗೆದ್ದ ದಿನ ಅದು ಕಲೆ. ಸೋತ ದಿನ ಅದೇ ಕೈ, ಅದೇ ತಾಳ್ಮೆ, ಅದೇ ಹಿಂದುಳಿಯುವಿಕೆಯು ದ್ರೋಹದಂತೆ ಕಾಣುತ್ತದೆ. ಕುದುರೆಯು ಹಿಂದುಳಿಯುವುದಕ್ಕೆ ಕಾರಣಗಳು ಅನೇಕ. ನೆಲವು ಮಳೆಯಿಂದ ಮೆತ್ತಗಾಗಿರಬಹುದು. ಮುಂದಿನ ಕುದುರೆಗಳು ದಾರಿಯನ್ನು ಕಟ್ಟಿರಬಹುದು. ಮೊದಲಿನ ವೇಗವು ಮಿತಿಮೀರಿರಬಹುದು. ಆ ದಿನ ಅದಕ್ಕೆ ಓಡುವ ಮನಸ್ಸೇ ಇಲ್ಲದಿರಬಹುದು. ಇವೆಲ್ಲವೂ ಪ್ರಾಮಾಣಿಕವಾದ ಕಾರಣಗಳು. ಓಟದ ಹಿಂದಿನ ದಿನ ಕುದುರೆಗೆ ಮಿತಿಮೀರಿ ನೀರು ಕುಡಿಸುವುದು, ಮೈ ಬಗ್ಗಿಸದೆ ತಂದು ನಿಲ್ಲಿಸುವುದು, ತಿರುವಿನಲ್ಲಿ ಹೊರಗಡೆಗೆ ಒಯ್ಯುವುದು, ಇವು ಅಪ್ರಾಮಾಣಿಕವಾದವು. ದೂರದ ಕಟಕಟೆಗೆ ಆತುಕೊಂಡು ನೋಡುವ ಕಣ್ಣಿಗೆ ಎರಡೂ ಒಂದೇ ಸಮನಾಗಿ ಕಾಣುತ್ತವೆ. ಕುದುರೆಯನ್ನು ಸಾಕ್ಷಿಯ ಕಟ್ಟೆಗೆ ಕರೆದು ಕೇಳುವಂತಿಲ್ಲ.

ಹಾಗಾದರೆ ಮೋಸವು ನಡೆದೇ ಇಲ್ಲವೆ? ಧಾರಾಳವಾಗಿ ನಡೆದಿದೆ. 1844ರ ಡರ್ಬಿಯ ಕಥೆಯು ಅದಕ್ಕೆ ನಿದರ್ಶನ. ಮೂರು ವರ್ಷ ವಯಸ್ಸಿನ ಕುದುರೆಗಳು ಮಾತ್ರ ಓಡತಕ್ಕ ಆ ಪಂದ್ಯದಲ್ಲಿ ರನ್ನಿಂಗ್ ರೀನ್ ಎಂಬ ಕುದುರೆಯು ಗೆದ್ದಿತು. ಅದು ಮೂರು ವರ್ಷದ್ದಲ್ಲ, ನಾಲ್ಕು ವರ್ಷದ್ದೆಂದೂ, ಅದರ ನಿಜವಾದ ಹೆಸರು ಮ್ಯಾಕಬಿಯಸ್ ಎಂದೂ ಗುಸುಗುಸು ಮೊದಲೇ ಇತ್ತು. ಎರಡನೆಯದಾಗಿ ಬಂದ ಆರ್ಲಾಂಡೋ ಎಂಬ ಕುದುರೆಯ ಒಡೆಯ ಕರ್ನಲ್ ಪೀಲನು ಆಕ್ಷೇಪಿಸಲು, ವಿಷಯವು ನ್ಯಾಯಾಲಯಕ್ಕೆ ಹೋಯಿತು. ಲಾರ್ಡ್ ಜಾರ್ಜ್ ಬೆಂಟಿಂಕನು ಸಾಕ್ಷ್ಯವನ್ನು ಕಲೆಹಾಕುವುದಕ್ಕಾಗಿ ಊರೂರು ಸುತ್ತಿದನು. ಕುದುರೆಯ ವಯಸ್ಸನ್ನು ಹಲ್ಲಿನಿಂದ ತಿಳಿಯುವುದು ಎಲ್ಲ ದೇಶಗಳ ಅಶ್ವವೈದ್ಯರೂ ಬಲ್ಲ ಕ್ರಮ. ಈ ದೇಶದ ಅಶ್ವಶಾಸ್ತ್ರಗಳಲ್ಲಿಯೂ ಅದು ಉಂಟು. ನ್ಯಾಯಾಧಿಪತಿಯಾದ ಆಲ್ಡರ್ಸನನು ಹೆಚ್ಚಿನ ವಾದಕ್ಕೆ ಎಡೆಗೊಡದೆ, ಕುದುರೆಯನ್ನು ತಂದು ತೋರಿಸಿರೆಂದನು. ಕುದುರೆಯು ಮಾಯವಾಗಿತ್ತು. ವಾದಿಯು ವ್ಯಾಜ್ಯವನ್ನು ಕೈಬಿಟ್ಟನು. ಡರ್ಬಿಯು ಆರ್ಲಾಂಡೋವಿಗೆ ಸಂದಿತು. ಸಭ್ಯರು ದುಷ್ಟರ ಜೊತೆಯಲ್ಲಿ ಪಂದ್ಯಕ್ಕೆ ನಿಂತರೆ ವಂಚನೆಯನ್ನೂ ನಿರೀಕ್ಷಿಸಬೇಕಾಗುತ್ತದೆಂಬ ಅರ್ಥದ ಮಾತನ್ನು ಆ ನ್ಯಾಯಾಧಿಪತಿಯು ಆಡಿದನೆಂದು ಹೇಳುತ್ತಾರೆ.

ಇದೇ ಬಗೆಯ ಬದಲಾವಣೆಯ ಮೋಸವು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 1984ರ ಆಗಸ್ಟ್ 18ರಂದು ಹಾಸ್ಯಾಸ್ಪದವಾಗಿ ನಡೆಯಿತು. ಫೈನ್ ಕಾಟನ್ ಎಂಬ ಸಾಧಾರಣ ಕುದುರೆಯ ಹೆಸರಿನಲ್ಲಿ ಬೋಲ್ಡ್ ಪರ್ಸನಾಲಿಟಿ ಎಂಬ ವೇಗದ ಕುದುರೆಯನ್ನು ಓಡಿಸಿದರು. ಎರಡರ ಬಣ್ಣವೂ ಬೇರೆಯಾದುದರಿಂದ, ಕೂದಲಿಗೆ ಹಚ್ಚುವ ಬಣ್ಣವನ್ನು ಮೈಗೆ ಬಳಿದು, ಕಾಲುಗಳಿಗೆ ಬಿಳಿಯ ಬಣ್ಣವನ್ನು ಹಚ್ಚಿದ್ದರು. 33ಕ್ಕೆ 1ರಂತೆ ಇದ್ದ ದರವು ಹಣದ ಪ್ರವಾಹದಿಂದ 7ಕ್ಕೆ 2ರವರೆಗೆ ಕುಸಿದಾಗಲೇ ಜನರಿಗೆ ಅನುಮಾನ ಹುಟ್ಟಿತು. ಕುದುರೆಯು ಗೆದ್ದು ಬೆವರಿದಾಗ ಬಣ್ಣವು ಕರಗಿತು. ಗೆಲುವು ಅಲ್ಲಿಯೇ ರದ್ದಾಯಿತು. ಸಂಬಂಧಪಟ್ಟ ಹಲವರು ಪಂದ್ಯದ ಬಯಲಿನಿಂದ ಬಹಿಷ್ಕೃತರಾದರು. ಇನ್ನೂ ಹಿಂದೆ, 1812ರಲ್ಲಿ, ನ್ಯೂಮಾರ್ಕೆಟ್ಟಿನ ಕುದುರೆಗಳು ನೀರು ಕುಡಿಯುವ ತೊಟ್ಟಿಗೆ ಪಾಷಾಣವನ್ನು ಬೆರೆಸಿದ ಡೇನಿಯಲ್ ಡಾಸನ್ ಎಂಬವನನ್ನು ಕೇಂಬ್ರಿಡ್ಜಿನಲ್ಲಿ ಗಲ್ಲಿಗೇರಿಸಿದರು.

ಕುದುರೆಯೇ ಇಲ್ಲದ ಪಂದ್ಯದಲ್ಲಿಯೂ ಮೋಸ ಮಾಡಬಹುದೆಂಬುದಕ್ಕೆ ಟ್ರಾಡ್‌ಮೋರ್ ಸಾಕ್ಷಿ. 1898ರ ಆಗಸ್ಟ್ 1ರಂದು ಕಾರ್ನ್‌ವಾಲ್ ಪ್ರಾಂತದ ಟ್ರಾಡ್‌ಮೋರಿನಲ್ಲಿ ಪಂದ್ಯಗಳು ನಡೆಯುವುವೆಂದು ಲಂಡನ್ನಿನ ಒಂದು ಕ್ರೀಡಾಪತ್ರಿಕೆಗೆ ಕಾಗದ ಬಂದಿತು. ಪತ್ರಿಕೆಯವರು ಕುದುರೆಗಳ ಪಟ್ಟಿಯನ್ನು ಅಚ್ಚುಮಾಡಿದರು, ಜನರು ಹಣ ಕಟ್ಟಿದರು, ಫಲಿತಾಂಶವೂ ಬಂದಿತು. ರೀಪರ್ ಎಂಬ ಕುದುರೆಯು 5ಕ್ಕೆ 1ರ ದರದಲ್ಲಿ ಗೆದ್ದಿತೆಂದು ಪಣ ಹಿಡಿದವರು ಹಣವನ್ನೂ ಕೊಟ್ಟರು. ಇನ್ನೊಂದು ಪತ್ರಿಕೆಯಲ್ಲಿ ಅದೇ ದರವು 5ಕ್ಕೆ 2 ಎಂದು ಅಚ್ಚಾಯಿತು. ಯಾವುದು ಸರಿಯೆಂದು ವಿಚಾರಿಸಹೊರಟಾಗ ಟ್ರಾಡ್‌ಮೋರ್ ಎಂಬ ಊರೇ ಭೂಪಟದಲ್ಲಿ ಇಲ್ಲವೆಂದು ತಿಳಿದುಬಂದಿತು. ಓಡದ ಕುದುರೆಗಳ ಮೇಲೆ ಹಣ ಕಟ್ಟಿ ಸೋತವರು, ತಮ್ಮ ಸವಾರನು ವಾಘೆಯನ್ನು ಹಿಡಿದುಬಿಟ್ಟನೆಂದು ಆ ಸಂಜೆ ಬಯ್ದಿದ್ದರೂ ಬಯ್ದಿರಬಹುದು.

ಈ ವೃತ್ತಾಂತಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಸಿದ್ಧವಾದ ಮೋಸಗಳೆಲ್ಲ ಓಟದ ಹೊರಗಿನ ಪ್ರಮಾಣದಿಂದ ಸಿದ್ಧವಾದವು: ತೋರಿಸಲಾಗದ ಹಲ್ಲು, ಕರಗಿದ ಬಣ್ಣ, ತೊಟ್ಟಿಯ ವಿಷ, ಅಚ್ಚಿನ ತಪ್ಪು. ಓಟವನ್ನು ಮಾತ್ರ ನೋಡಿ ಹೊರಿಸಿದ ಚಿಫ್ನಿಯ ಅಪರಾಧವು ಇಂದಿಗೂ ಸಂಶಯವಾಗಿಯೇ ಉಳಿದಿದೆ. ಕಣ್ಣು ಸಂಶಯವನ್ನು ಹುಟ್ಟಿಸಬಲ್ಲದು, ಅದನ್ನು ತೀರಿಸಲಾರದು.

ಈ ಮಾತು ಹಳೆಯ ಕಾಲಕ್ಕೆ ಮಾತ್ರ ಅನ್ವಯಿಸುವುದಲ್ಲ. ಹಿಂದೆ ಕುದುರೆಯು ಸೋಲುವುದರಿಂದ ನೇರವಾಗಿ ಲಾಭವನ್ನು ಪಡೆಯತಕ್ಕವರು ಪಣ ಹಿಡಿಯುವ ಬುಕ್ಕಿಗಳು ಮಾತ್ರ. 2000ದಲ್ಲಿ ಇಂಗ್ಲೆಂಡಿನಲ್ಲಿ ಬೆಟ್‌ಫೇರ್ ಎಂಬ ಸಂಸ್ಥೆಯು ಆರಂಭವಾದ ಮೇಲೆ, ಇಂಥ ಕುದುರೆಯು ಗೆಲ್ಲುವುದಿಲ್ಲವೆಂದು ಯಾರು ಬೇಕಾದರೂ ಪಣವೊಡ್ಡುವುದು ಸುಲಭವಾಯಿತು. ಒಂದು ಕುದುರೆಯನ್ನು ಗೆಲ್ಲಿಸುವುದು ಕಷ್ಟ, ಸೋಲಿಸುವುದು ಸುಲಭ. ಆದುದರಿಂದ ಹೊಸ ಸಂಶಯಗಳೂ ಹುಟ್ಟಿದುವು. ಆದರೆ ಅದರ ಜೊತೆಯಲ್ಲಿ, ಯಾರು ಯಾವ ಗಳಿಗೆಯಲ್ಲಿ ಎಷ್ಟು ಕಟ್ಟಿದರೆಂಬ ಲೆಕ್ಕವೂ ಅಳಿಸದೆ ಉಳಿಯುವಂತಾಯಿತು.

ಕೀರನ್ ಫ್ಯಾಲನ್ ಎಂಬ ಸವಾರನು ಇಂಗ್ಲೆಂಡಿನ ಅಗ್ರಗಣ್ಯ ಜಾಕಿಗಳಲ್ಲಿ ಒಬ್ಬನಾಗಿದ್ದನು. 2004ರ ಮಾರ್ಚ್ 2ರಂದು ಲಿಂಗ್‌ಫೀಲ್ಡಿನಲ್ಲಿ ಬ್ಯಾಲಿಂಜರ್ ರಿಡ್ಜ್ ಎಂಬ ಕುದುರೆಯ ಮೇಲೆ ಬಹಳ ಮುಂದೆ ಇದ್ದವನು, ಕೊನೆಯಲ್ಲಿ ಕುದುರೆಯನ್ನು ಸಡಿಲಬಿಟ್ಟು ಕೂದಲೆಳೆಯಷ್ಟು ಅಂತರದಲ್ಲಿ ಸೋತನು. ಆ ಅಜಾಗರೂಕತೆಗಾಗಿ 21 ದಿನ ಅವನ ಸವಾರಿಯನ್ನು ನಿಲ್ಲಿಸಲಾಯಿತು. ಅನಂತರ, ಪಂದ್ಯಗಳಲ್ಲಿ ಬೇಕೆಂದೇ ಸೋತು ಪಣವೊಡ್ಡಿದವರನ್ನು ವಂಚಿಸುವ ಒಳಸಂಚಿನಲ್ಲಿ ಸೇರಿದ್ದನೆಂದು ಇತರ ಐವರೊಡನೆ ಅವನ ಮೇಲೆ ಮೊಕದ್ದಮೆ ನಡೆಯಿತು. ವಿಚಾರಣೆಗೆ ಬಹಳ ಮೊದಲೇ, 2006ರ ಜುಲೈಯಿಂದ, ಬ್ರಿಟನ್ನಿನಲ್ಲಿ ಅವನು ಕುದುರೆ ಹತ್ತಕೂಡದೆಂದಾಯಿತು. 2007ರ ಅಕ್ಟೋಬರಿನಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆಯು ಆರಂಭವಾಯಿತು. ಲೆಕ್ಕವನ್ನು ಹಾಕಿ ನೋಡಿದಾಗ, ಸಂಶಯಕ್ಕೆ ಒಳಗಾದ ಪಂದ್ಯಗಳಲ್ಲಿ ಫ್ಯಾಲನ್ ಓಡಿಸಿದ 17ರಲ್ಲಿ 5ನ್ನು ಗೆದ್ದಿದ್ದನೆಂದು ತಿಳಿದುಬಂದಿತು. ಅದು ಅವನ ಸಾಮಾನ್ಯ ಗೆಲುವಿನ ಪ್ರಮಾಣಕ್ಕಿಂತ ಹೆಚ್ಚು. ಸೋಲುವುದಕ್ಕೆ ಒಪ್ಪಿಕೊಂಡವನು ಎಂದಿಗಿಂತ ಹೆಚ್ಚಾಗಿ ಗೆದ್ದನೆಂಬ ವಾದವು ನಿಲ್ಲುವುದು ಹೇಗೆ? ಸವಾರಿಯ ವಿಷಯದಲ್ಲಿ ತಜ್ಞನಾಗಿ ಬಂದ ಆಸ್ಟ್ರೇಲಿಯದ ಅಧಿಕಾರಿಯು ತನಗೆ ಬ್ರಿಟನ್ನಿನ ನಿಯಮಗಳ ಪರಿಚಯ ಸಾಲದೆಂದು ಒಪ್ಪಿಕೊಳ್ಳಬೇಕಾಯಿತು. ಡಿಸೆಂಬರ್ 7ರಂದು ನ್ಯಾಯಾಧಿಪತಿಯು ಉತ್ತರ ಕೊಡತಕ್ಕ ಆರೋಪವೇ ಇಲ್ಲವೆಂದು ಆರು ಮಂದಿಯನ್ನೂ ಬಿಡುಗಡೆ ಮಾಡಿಸಿದನು.

ಚಿಫ್ನಿಗೂ ಫ್ಯಾಲನ್ನನಿಗೂ ನಡುವೆ 216 ವರ್ಷಗಳ ಅಂತರವಿದೆ. ಒಬ್ಬನಿಗೆ ಎರಡು ದಿನಗಳ ಫಲವನ್ನು ನೋಡಿ ಬಹಿಷ್ಕಾರ. ಇನ್ನೊಬ್ಬನಿಗೆ ವಾರಗಟ್ಟಲೆ ವಿಚಾರಣೆ ಮತ್ತು ಬಿಡುಗಡೆ. ಇದನ್ನು ಪ್ರಗತಿಯೆಂದೇ ಹೇಳಬೇಕು. ಆದರೂ ನಿರ್ದೋಷಿಯೆಂದು ತೀರ್ಪಾಗುವ ಮೊದಲೇ ಆ ಸವಾರನು ಬ್ರಿಟನ್ನಿನಲ್ಲಿ ಹದಿನೇಳು ತಿಂಗಳ ಜೀವನೋಪಾಯವನ್ನು ಕಳೆದುಕೊಂಡಿದ್ದನೆಂಬುದನ್ನು ಮರೆಯಲಾಗದು. ಸಂಶಯಕ್ಕೆ ಬೆಲೆಯಿದೆ, ಅದನ್ನು ಸಂಶಯಪಡುವವರು ತೆರುವುದಿಲ್ಲ.

ಇಂದು ಪಂದ್ಯಗಳನ್ನು ಹಲವು ಕಡೆಗಳಿಂದ ಚಿತ್ರ ತೆಗೆಯುತ್ತಾರೆ. ಕುದುರೆಗಳ ಮೂತ್ರವನ್ನೂ ರಕ್ತವನ್ನೂ ಪರೀಕ್ಷಿಸುತ್ತಾರೆ. ಜಾಕಿಯನ್ನು ಓಟದ ಮೊದಲೂ ಅನಂತರವೂ ತೂಗುತ್ತಾರೆ. ನಿರೀಕ್ಷೆಗೆ ವಿರೋಧವಾಗಿ ಓಡಿದ ಕುದುರೆಯ ವಿಷಯದಲ್ಲಿ ಸವಾರನನ್ನೂ ತರಬೇತು ಕೊಟ್ಟವನನ್ನೂ ಸ್ಟೀವರ್ಡರು ಕರೆದು ಕಾರಣ ಕೇಳುತ್ತಾರೆ. ಕಾರಣ ಕೇಳುವುದು ಆರೋಪವಲ್ಲ. ಕೇಳಿದ ಪ್ರಶ್ನೆಯೂ ಕೊಟ್ಟ ಉತ್ತರವೂ ಎಲ್ಲರೂ ಓದುವಂತೆ ಪ್ರಕಟವಾದಷ್ಟೂ ಕಟಕಟೆಯ ಬಳಿಯ ಪಿಸುಮಾತು ಕಡಿಮೆಯಾಗುತ್ತದೆ. ಆಡಳಿತದವರು ಮುಚ್ಚಿಟ್ಟದ್ದನ್ನೆಲ್ಲ ಜನರ ಕಲ್ಪನೆಯು ಬಡ್ಡಿಸಮೇತ ತುಂಬಿಕೊಳ್ಳುತ್ತದೆ. ದಾಳವನ್ನು ಅಧ್ಯಕ್ಷನೇ ಒದಗಿಸಬೇಕೆಂದ ಕೌಟಿಲ್ಯನ ಅಭಿಪ್ರಾಯದ ತಿರುಳೂ ಇದೇ.

ಇನ್ನು ಮೈಸೂರಿನ ಗೃಹಸ್ಥರ ಮಾತು. ಅವರ ಮಗನು ಕಾಲೇಜಿನಲ್ಲಿ ಗಣಿತವನ್ನು ಓದುತ್ತಿದ್ದನು. ಒಂದು ಬೇಸಿಗೆಯ ರಜದಲ್ಲಿ, ಸೋದರತ್ತೆಯ ಪ್ರೇರಣೆಯಿಂದ, ತಂದೆಯ ಅಪ್ಪಣೆಯನ್ನು ಪಡೆದು ಆ ಸಣ್ಣ ಪುಸ್ತಕಗಳನ್ನೆಲ್ಲ ಮುಂದಿಟ್ಟುಕೊಂಡು ಕುಳಿತನು. ತಂದೆಯು ತನ್ನ ಬುದ್ಧಿಯಿಂದ ಆರಿಸಿದ ಕುದುರೆಗಳನ್ನು ಒಂದು ಕಡೆಗೂ, ‘ಒಳಗಿನವರ ಸುದ್ದಿ’ ಎಂದು ಗುರುತು ಹಾಕಿದ್ದವುಗಳನ್ನು ಇನ್ನೊಂದು ಕಡೆಗೂ ಬರೆದನು. ಎರಡು ದಿನ ಎಣಿಸಿ ಮೂರನೆಯ ದಿನ ಊಟವಾದ ಮೇಲೆ ತಂದೆಯ ಬಳಿ ಬಂದು, “ಅಣ್ಣ, ಒಳಗಿನವರ ಸುದ್ದಿಯಿಂದ ಕಟ್ಟಿದ ಕುದುರೆಗಳು ನೀವೇ ಆರಿಸಿದವುಗಳಿಗಿಂತ ಹೆಚ್ಚಾಗಿ ಗೆದ್ದಿಲ್ಲ. ಸ್ವಲ್ಪ ಕಡಿಮೆಯೇ” ಎಂದನು.

ಗೃಹಸ್ಥರು ಬಹಳ ಹೊತ್ತು ಮಾತನಾಡಲಿಲ್ಲ. ಲೆಕ್ಕವೇ ಅವರ ವೃತ್ತಿಯಾದುದರಿಂದ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪಂದ್ಯಗಳು ಗೊತ್ತುಮಾಡಿದವುಗಳಲ್ಲದಿದ್ದರೆ ಮಾರಿದ ಸುದ್ದಿಯು ಸುಳ್ಳು. ಗೊತ್ತುಮಾಡಿದವುಗಳೇ ಆಗಿದ್ದರೆ ಸುದ್ದಿ ಮಾರುವವರಿಗೆ ಅದು ತಿಳಿದಿರಲಿಲ್ಲ. ಹೇಗೆ ನೋಡಿದರೂ ಅವರು ಇಷ್ಟು ವರ್ಷ ಹುಡುಕಿದ ಬಲ್ಲವನು ಅವರಿಗೆ ಸಿಕ್ಕಿರಲಿಲ್ಲ, ಸಿಕ್ಕತಕ್ಕವನೂ ಅಲ್ಲ. ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದ ಅಕ್ಕ, “ಆ ಹುಡುಗರು ಪಾಪ, ಕುದುರೆಯ ಮೇಲೆ ಬಿದ್ದು ಏಳುತ್ತಾರೆ. ಅವರನ್ನು ಎಷ್ಟು ವರ್ಷ ಕಳ್ಳರೆಂದೆಯೋ” ಎಂದಷ್ಟೇ ಹೇಳಿದರು.

ಅವರು ರೇಸಿಗೆ ಹೋಗುವುದನ್ನು ಅಂದೇ ಬಿಟ್ಟರೆಂದರೆ ಸುಳ್ಳಾದೀತು. ಆ ವರ್ಷ ಕೆಲವು ಸಲ ಹೋದರು, ಆಮೇಲೆ ಅಪರೂಪವಾಯಿತು. ಆದರೆ ಪುಸ್ತಕದ ಮೂರನೆಯ ಅಂಕಣವು ಬದಲಾಯಿತು. ಸೋತ ದಿನಗಳಲ್ಲಿ ಅಲ್ಲಿ ‘ಕಾರಣ ತಿಳಿಯದು’ ಎಂದಿರುತ್ತಿತ್ತು. ಗೆದ್ದ ಒಂದು ದಿನವೂ ಹಾಗೆಯೇ ಬರೆದಿದ್ದುದನ್ನು ಕಂಡು ಮಗನು ಸಂತೋಷಪಟ್ಟನು.

ನಳನ ಕಥೆಯಲ್ಲಿಯೂ ಇಂಥದೊಂದು ಎಣಿಕೆಯಿದೆ. ಹಾದಿಯಲ್ಲಿ ಒಂದು ತಾರೆಯ ಮರವನ್ನು ಕಂಡು, ಅದರಲ್ಲಿ ಇಷ್ಟು ಎಲೆ, ಇಷ್ಟು ಕಾಯಿಗಳಿವೆಯೆಂದು ಋತುಪರ್ಣನು ಓಡುವ ರಥದಿಂದಲೇ ಹೇಳಿದನು. ನಳನು ಅದನ್ನು ಸುಮ್ಮನೆ ನಂಬಲಿಲ್ಲ, ಸುಮ್ಮನೆ ಅಲ್ಲಗಳೆಯಲೂ ಇಲ್ಲ. ಸ್ವಯಂವರಕ್ಕೆ ಹೊತ್ತು ಮೀರುವುದೆಂದು ರಾಜನು ಎಷ್ಟು ಅವಸರಪಡಿಸಿದರೂ ಕೇಳದೆ, ರಥವನ್ನು ನಿಲ್ಲಿಸಿ, ಇಳಿದು, ಮರವನ್ನು ಕಡಿದು ಎಣಿಸಿದನು. ಎಣಿಸಿದ ಮೇಲೆ ಅಕ್ಷಹೃದಯವನ್ನು ಪಡೆದನು; ಅದನ್ನು ಪಡೆದೊಡನೆ, ಅಷ್ಟು ಕಾಲ ಅವನ ದೇಹದಲ್ಲಿ ಹೊಕ್ಕು ಕಾಡಿದ್ದ ಕಲಿಯು ಹೊರಕ್ಕೆ ಬಂದನು. ಕಲಿಯು ಬಿಟ್ಟುಹೋದದ್ದು ಕುದುರೆಗಳು ವೇಗವಾಗಿ ಓಡುತ್ತಿದ್ದಾಗಲಲ್ಲ, ರಥವು ನಿಂತಿದ್ದಾಗ.